ಹದ್ದಿನ ಕೋಣೆಗೆ ಬೇರೆ ಲೈನು

ಬುಧವಾರ, ಮಧ್ಯಾಹ್ನದ ಊಟ ಮುಗಿಸಿ

ಕೋಪ ಇನ್ನೂ ಇಳಿದಿರದ ನನ್ನ ಡ್ರೈವರಮ್ಮನಿಗೆ,

ನಿನ್ನ ಟೈಲರ್ ಮಾಡುವ ನಮಸ್ಕಾರ. ನಿನ್ನ ಫೋನಿಗೆ ಮಾಡಿದರೆ ನೀನು ಎತ್ತುವುದಿಲ್ಲ. ನಿನ್ನ ಅಕ್ಕನ ಫೋನಿಗೆ ಮಾಡಿದರೆ "ಅವಳು ಸ್ನಾನಕ್ಕೆ ಹೋಗಿದ್ದಾಳೆ" ಅನ್ನುತ್ತಾರೆ. ಬೆಳಿಗ್ಗೆ ಮಾಡಿದರೂ ಸ್ನಾನ, ಸಂಜೆ ಮಾಡಿದರೂ ಸ್ನಾನ. ಇಷ್ಟೊಂದು ಸ್ನಾನ ಮಾಡಿದರೆ ಆ ಮನೆಯ ನೀರಿನ ಟ್ಯಾಂಕಿನ ಗತಿ ಏನು? ಅದಕ್ಕೇ ಕಾಗದ ಬರೆಯಲು ಕೂತಿದ್ದೇನೆ. ಕಾಗದಕ್ಕೆ ಸ್ನಾನದ ನೆಪ ಹೇಳಿ ವಾಪಸು ಕಳಿಸಲಾಗುವುದಿಲ್ಲ.

ಮನೆಯಿಂದ ಹೊರಡುವಾಗ ನೀನು ಬ್ಯಾಗು ಹೆಗಲಿಗೇರಿಸಿಕೊಂಡು ಒಂದು ಮಾತು ಹೇಳಿದೆ: "ಆ ಕಂಪ್ಯೂಟರ್ ಯಾಕೆ ಆರಿಹೋಗತ್ತೆ ಅಂತ ನಿಮ್ಮ ಬಾಯಿಂದಾನೇ ಕೇಳಬೇಕು. ಅಲ್ಲೀವರೆಗೂ ನಾನು ಬರಲ್ಲ." ಕಾರಣ ಈಗ ಸಿಕ್ಕಿದೆ. ನನ್ನ ಬಾಯಿಂದಲ್ಲ, ಕೈಯಿಂದ ಹೇಳುತ್ತಿದ್ದೇನೆ. ಓದಿದ ಮೇಲೆ ಬರುವುದು ಬಿಡುವುದು ನಿನಗೆ ಸೇರಿದ್ದು.

ಆ ದಿನ ನೀನು ನನಗೆ ಮಾತಾಡಲು ಬಿಡಲಿಲ್ಲ. ದಿನವಿಡೀ ಬಸ್ಸಿನಲ್ಲಿ ಜನರ ಕೂಗಾಟ ಕೇಳಿಯೂ ತುಟಿ ಪಿಟಕ್ಕೆನ್ನದೆ ಸ್ಟಿಯರಿಂಗ್ ಹಿಡಿಯುವವಳು, ಮನೆಗೆ ಬಂದರೆ ಅದಕ್ಕೆಲ್ಲ ಒಟ್ಟಿಗೇ ಉತ್ತರ ಕೊಡುತ್ತೀ. ಹಾಗಾಗಿ ನನ್ನ ಕಡೆಯದನ್ನು ಮೊದಲಿನಿಂದ ಹೇಳುತ್ತೇನೆ. ಗೊತ್ತಿರುವುದನ್ನೇ ಮತ್ತೆ ಕೊರೆಯುತ್ತಾನೆ ಎಂದು ಮೂಗು ಮುರಿಯಬೇಡ.

ನಿಮ್ಮ ಡಿಪೋದ ಮೆಕ್ಯಾನಿಕ್ ಹೊಸ ಗೇಮಿಂಗ್ ಕಂಪ್ಯೂಟರ್ ಕೊಂಡು ಹಳೆಯದನ್ನು ನಿನಗೆ ಕೊಟ್ಟಾಗ, ಅದನ್ನು ಮಹಡಿ ಹತ್ತಿಸಿ ತಂದವನು ನಾನೇ. ಒಂದು ಪಕ್ಕಕ್ಕೆ ಗಾಜು, ಒಳಗೆ ಬಣ್ಣ ಬದಲಾಯಿಸುವ ಫ್ಯಾನುಗಳು, ಐಸ್‌ಕ್ರೀಮ್ ಅಂಗಡಿಯ ಬೋರ್ಡಿನ ಹಾಗೆ. ಮಲಗುವ ಕೋಣೆಯಲ್ಲಿ ಅಷ್ಟು ದೊಡ್ಡ ಪ್ಲಗ್ಗಿಗೆ ಜಾಗವಿಲ್ಲವೆಂದು ನನ್ನ ಕೆಲಸದ ಕೋಣೆಯ ಬೋರ್ಡಿನಿಂದ ವಯರು ಎಳೆದು, ಬಾಗಿಲ ಸಂದಿಯಲ್ಲಿ ದಾಟಿಸಿ ಕೊಟ್ಟವನೂ ನಾನೇ. ಸ್ವಲ್ಪ ದಿನ ಆಡಿ ಬೇಸರ ಬಂದು ಮೇಲೆ ಬಟ್ಟೆ ಒಣಗಿಹಾಕುತ್ತಾಳೆ ಅಂದುಕೊಂಡಿದ್ದೆ. ಬೇಸರ ಬರಲಿಲ್ಲ. ಐದು ಜನರ ತಂಡ, ಕೋಟೆ ಕಾಯುವ ಆಟ, ಗೋಪುರದ ಮೇಲೆ ನಿಂತು ಬಾಣ ಬಿಡುವವಳು ನೀನು. ಅಲ್ಲಿ ನಿನ್ನ ಹೆಸರು ಹದ್ದು.

ಆ ತಂಡಕ್ಕೊಬ್ಬ ಕ್ಯಾಪ್ಟನ್. ಅವನ ಮುಖವನ್ನು ನೀನೂ ನೋಡಿಲ್ಲ, ನಾನೂ ನೋಡಿಲ್ಲ. ನೀನು ಮನೆ ಬಿಡುವ ಮೊದಲು ನಾನು ಅವನ ದನಿ ಕೇಳಿದ್ದು ಒಂದೇ ಸಲ, ನಿನ್ನ ಹೆಡ್‌ಫೋನಿನ ವಯರು ಕಿತ್ತುಬಂದಾಗ: "ಭಲೇ ಹದ್ದು, ನೀನಿಲ್ದೇ ಇದ್ದಿದ್ರೆ ಮುಳುಗಿಹೋಗ್ತಿದ್ವಿ ಕಣೆ." ಕಣೆ ಅಂತೆ. ನಿನಗೆ ಕಣೆ ಅನ್ನುವ ಹಕ್ಕಿರುವುದು ಈ ಭೂಮಿಯ ಮೇಲೆ ನಿನ್ನ ತಾಯಿಗೆ, ನಿನ್ನ ಅಕ್ಕನಿಗೆ ಮತ್ತು ನನಗೆ. ನಾಲ್ಕನೆಯವನು ಯಾವ ಬಾಗಿಲಿನಿಂದ ಬಂದ?

ಹೊಟ್ಟೆಕಿಚ್ಚು ಪಟ್ಟೆ. ಅದಕ್ಕೆ ಬೇರೆ ಹೆಸರಿಟ್ಟು ಪ್ರಯೋಜನವಿಲ್ಲ. ನಾನು ತಮಾಷೆ ಮಾಡಿದರೆ ತುಟಿಯಂಚಿನಲ್ಲಿ ನಗುವವಳು, ಅವನು ಏನೋ ಅಂದರೆ ಕುರ್ಚಿ ಕಿರುಗುಟ್ಟುವಂತೆ ನಗುತ್ತಿದ್ದೆ. ಅವನು ಅಂದದ್ದು ನನಗೆ ಕೇಳಿಸುತ್ತಿರಲಿಲ್ಲ, ನಿನ್ನ ನಗು ಮಾತ್ರ ಗೋಡೆ ದಾಟಿ ಬರುತ್ತಿತ್ತು. ಅಷ್ಟು ನಗು ಬರಬೇಕಾದರೆ ವಿಷಯ ನಾನೇ ಇರಬೇಕು ಅನ್ನಿಸುತ್ತಿತ್ತು. ನನ್ನ ಬಕ್ಕತಲೆ, ನನ್ನ ಗೊರಕೆ, ಕನ್ನಡಕ ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಕನ್ನಡಕ ಹುಡುಕುವ ನನ್ನ ಚಾಳಿ. ಇವನ್ನೆಲ್ಲ ಯಾರೋ ಗುರುತಿಲ್ಲದವನ ಮುಂದೆ ಹರವಿ ಕೂತಿದ್ದಾಳೆ ಎಂದು ಒಳಗೊಳಗೇ ಬೇಯುತ್ತಿದ್ದೆ. "ಆ ಕ್ಯಾಪ್ಟನ್ನಿಗೆ ಹೆಂಡತಿ ಮಕ್ಕಳು ಇಲ್ವಾ, ಸಂಜೆಯಾದ್ರೆ ಕಂಡವರ ಹೆಂಡ್ತೀರ ಜೊತೆ ಕೋಟೆ ಕಾಯ್ತಾನಲ್ಲ" ಎಂದು ನಾನು ಅಂದದ್ದೂ, ನೀನು ಆ ರಾತ್ರಿ ದಿಂಬು ತೆಗೆದುಕೊಂಡು ಸೋಫಾಕ್ಕೆ ಹೋದದ್ದೂ ನೆನಪಿದೆ.

ಅದಾದ ಮೇಲೆಯೇ ಕಂಪ್ಯೂಟರ್ ಕೈಕೊಡಲು ಶುರುಮಾಡಿದ್ದು. ಆಟದ ನಡುವೆ ಪಟ್ಟನೆ ಆರಿ, ಮತ್ತೆ ತಾನಾಗಿಯೇ ಹೊತ್ತಿಕೊಳ್ಳುವುದು. ಅದು ಹೊತ್ತಿಕೊಳ್ಳುವಷ್ಟರಲ್ಲಿ ನಿಮ್ಮ ಕೋಟೆ ಹೋಗಿರುತ್ತಿತ್ತು. ನೀನು ಧೂಳು ಊದಿದೆ. ಬಿಸಿಯಾಗುತ್ತಿದೆಯೇನೋ ಎಂದು ಗಾಜು ಬಿಚ್ಚಿಟ್ಟು ಟೇಬಲ್ ಫ್ಯಾನು ಹಿಡಿದೆ. ರ‍್ಯಾಮ್ ಪಟ್ಟಿಗಳನ್ನು ಕಿತ್ತು ಒರೆಸಿ ಮತ್ತೆ ಕೂರಿಸಿದೆ. ತಾನಾಗಿ ರೀಸ್ಟಾರ್ಟ್ ಆಗುವ ಸೆಟ್ಟಿಂಗ್ ತೆಗೆದುಹಾಕಿ, ದೋಷ ತೋರಿಸುವ ನೀಲಿ ಪರದೆ ಬಂದು ಏನಾದರೂ ಹೇಳೀತೇ ಎಂದು ಕಾದೆ. ಏನೂ ಹೇಳಲಿಲ್ಲ. ಕಂಪ್ಯೂಟರ್ ತಾನೇ ಬರೆದಿಡುವ ದಾಖಲೆ ತೆರೆದು ನೋಡಿದರೆ ಪ್ರತಿ ಸಲವೂ ಒಂದೇ ದೂರು: ಕರೆಂಟು ಇದ್ದಕ್ಕಿದ್ದಂತೆ ತಪ್ಪಿತು. ಆದರೆ ಮನೆಯ ದೀಪಗಳೆಲ್ಲ ಉರಿಯುತ್ತಿದ್ದವು. ಮನೆಯಲ್ಲಿ ಇದ್ದದ್ದು ನಾವಿಬ್ಬರೇ. ಪ್ಲಗ್ಗು ಇದ್ದದ್ದು ನನ್ನ ಕೈಗೆಟಕುವ ಬೋರ್ಡಿನಲ್ಲಿ.

"ನಾನು ನಕ್ಕಾಗ್ಲೇ ಯಾಕೆ ಆರತ್ತೆ? ಪ್ಲಗ್ಗು ಅಲ್ಲಾಡಿಸೋದು ನೀವೇ ಅಲ್ವಾ?" ಎಂದು ನೀನು ಬಾಗಿಲಿಗೆ ಬಂದು ಕೇಳಿದೆ. ನಾನು ಆಣೆ ಮಾಡಿದೆ. ಪ್ಲಗ್ಗಿನ ಮೇಲೆ ಕೈ ಇಟ್ಟವನಲ್ಲ ನಾನು, ಈಗಲೂ ಅದನ್ನೇ ಹೇಳುತ್ತೇನೆ. ನೀನು ನಂಬಲಿಲ್ಲ, ಬ್ಯಾಗು ತುಂಬಿಕೊಂಡೆ.

ನೀನು ಹೋದ ಮರುದಿನವೇ ನಾನು ಹಟಕ್ಕೆ ಬಿದ್ದೆ. ಕಳ್ಳ ನಾನಲ್ಲ, ಯಂತ್ರ ಎಂದು ತೋರಿಸಿಯೇ ತೀರುತ್ತೇನೆ ಎಂದು ಅದನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಮಾರ್ಕೆಟ್ ಹಿಂದಿನ ರಿಪೇರಿ ಅಂಗಡಿಗೆ ಹೊತ್ತೊಯ್ದೆ. ಆ ಅಂಗಡಿಯ ಹೆಂಗಸನ್ನು ಎಲ್ಲರೂ ಡಾಕ್ಟರ್ ಅನ್ನುತ್ತಾರೆ, ಯಾಕೆಂದರೆ ಯಾವ ಯಂತ್ರ ತಂದರೂ "ಎಷ್ಟು ದಿನದಿಂದ ಹೀಗೆ?" ಎಂದೇ ಕೇಳುತ್ತಾಳೆ. ಆಕೆ ಮುಚ್ಚಳ ತೆಗೆದವಳೇ, ನನ್ನ ಮಾತು ಮುಗಿಯುವ ಮೊದಲೇ, "ಪವರ್ ಸಪ್ಲೈ ಸೋತಿದೆ, ನೋಡೋದೇ ಬೇಡ" ಎಂದು ತೀರ್ಪು ಕೊಟ್ಟಳು. ಕರೆಂಟನ್ನು ಒಳಗಿನ ಭಾಗಗಳಿಗೆ ಹಂಚಿಕೊಡುವ ಆ ಡಬ್ಬ ಬದಲಾಯಿಸಿ, ತನ್ನ ಮೇಜಿನ ಮೇಲೆ ಓಡಿಸಿ ತೋರಿಸಿದಳು. ಒಂದು ಸಲವೂ ಆರಲಿಲ್ಲ. ನನಗೆ ಅಲ್ಲೇ ಕುಣಿಯುವಷ್ಟು ಖುಷಿ.

ಮನೆಗೆ ತಂದಮೇಲೆ ನಾನೇ ಪರೀಕ್ಷೆ ಮಾಡಬೇಕಿತ್ತು. ಆಟ ನಡೆಯುತ್ತಿದ್ದರೆ ಮಾತ್ರ ಅದಕ್ಕೆ ಪೂರ್ತಿ ಕೆಲಸ ಬೀಳುವುದು ಎಂದು ಡಾಕ್ಟರ್ ಹೇಳಿದ್ದಳು. ನಿನ್ನ ಕುರ್ಚಿಯಲ್ಲಿ ಕೂತು ಹೆಡ್‌ಫೋನು ಹಾಕಿಕೊಂಡೆ. ನಿನ್ನ ಶಾಂಪೂ ವಾಸನೆ ಇನ್ನೂ ಅದರಲ್ಲಿತ್ತು. ಆಟ ತೆರೆದರೆ ತಾನಾಗಿ ನಿನ್ನ ಹೆಸರಿನಲ್ಲೇ ಹೊಕ್ಕಿತು. ಹೊಕ್ಕ ತಕ್ಷಣ ಕಿವಿಯೊಳಗೆ ಅವನ ದನಿ: "ಬಂದ್ಯಾ ಹದ್ದು? ಎಲ್ಲೇ ಹೋಗಿದ್ದೆ ಇಷ್ಟು ದಿನ?"

ನನ್ನ ಮೈಯೆಲ್ಲ ಉರಿದುಹೋಯಿತು. ಮೈಕು ಆಫ್ ಇತ್ತು, ನಾನು ಉಸಿರೆತ್ತಲಿಲ್ಲ. ಮೈಕು ಕೆಟ್ಟಿದೆ ಅಂದುಕೊಂಡು ಅವರೇ ಮಾತಾಡಿಕೊಂಡರು. ನಾನು ಗೋಪುರದಿಂದ ಬಾಣ ಬಿಟ್ಟೆ. ಮೊದಲನೆಯದು ನಮ್ಮವನೇ ಒಬ್ಬನ ಬೆನ್ನಿಗೆ ಹೋಯಿತು. ಎರಡನೆಯದು ಕ್ಯಾಪ್ಟನ್ನಿಗೆ. ಎರಡನೆಯದು ಕೈತಪ್ಪಿ ಹೋದದ್ದಲ್ಲ. "ಏನಾಗಿದೆ ಇವಳಿಗೆ" ಅಂದ ಅವನು. ಅಷ್ಟು ದಿನದಲ್ಲಿ ನಾನು ಮೊದಲ ಸಲ ಮನಸಾರೆ ನಕ್ಕೆ.

ದಿನವೂ ಸಂಜೆ ಕೂತೆ. ಕಂಪ್ಯೂಟರ್ ಆರಲಿಲ್ಲ. ಹೊಸ ಡಬ್ಬ ಹಾಕಿದ್ದಕ್ಕೆ ಸರಿಹೋಯಿತು ಎಂದು ಸುಮ್ಮನಿರಬಹುದಿತ್ತು, ಆದರೆ ನನ್ನ ತಲೆ ನನ್ನ ಮಾತು ಕೇಳುತ್ತದೆಯೇ? ಡಾಕ್ಟರ್ ಕಿತ್ತ ಹಳೆಯ ಡಬ್ಬವನ್ನು ತನ್ನ ಬೇರೊಂದು ಯಂತ್ರಕ್ಕೆ ಹಾಕಿ ನೋಡಿದ್ದಳಂತೆ, ಅದೂ ಆರಾಮಾಗಿ ಓಡಿತಂತೆ. ಹಾಗಿದ್ದರೆ ಮೊದಲಿನಿಂದಲೂ ಏನೂ ಕೆಟ್ಟಿರಲೇ ಇಲ್ಲ. ನಾನು ಕೂತರೆ ಆರದ್ದು ನೀನು ಕೂತರೆ ಮಾತ್ರ ಆರುವುದು ಹೇಗೆ? ನೀನೇ ಆರಿಸುತ್ತಿದ್ದೀಯಾ? ಜಗಳ ತೆಗೆಯಲು, ಬ್ಯಾಗು ತುಂಬಲು, ಈ ಟೈಲರನ ಕಾಟದಿಂದ ತಪ್ಪಿಸಿಕೊಳ್ಳಲು ಒಂದು ನೆಪ ಬೇಕಿತ್ತಾ? ಹೀಗೆಲ್ಲ ಯೋಚಿಸಿದೆ. ಯೋಚಿಸುತ್ತಾ ಒಂದು ಕೋಟಿನ ಎಡತೋಳನ್ನು ಬಲಕ್ಕೆ ಹೊಲಿದೆ.

ಅದೇ ದಿನಗಳಲ್ಲಿ ಕ್ಯಾಪ್ಟನ್ ಉಳಿದವರಿಗೆ ಹೇಳುತ್ತಿದ್ದ: "ಶನಿವಾರ ಫೈನಲ್ಲು. ಹದ್ದು ನಡುವೆ ನಡುವೆ ಮಾಯ ಆಗ್ತಾಳೆ, ಈಗ ನೋಡಿದ್ರೆ ನಮಗೇ ಹೊಡೀತಿದಾಳೆ. ಬೇರೆ ಯಾರನ್ನಾದ್ರೂ ಹಾಕ್ಕೊಳ್ಳೋಣ." ನೀನು ಒಂದು ವರ್ಷ ಆಡಿ ಮುಟ್ಟಿದ ಫೈನಲ್ಲು ಅದು. ನನಗೆ ಆಗ ದುಃಖವಾಯಿತು ಎಂದು ಬರೆಯಲು ಆಸೆ. ಆಗಲಿಲ್ಲ. ಶನಿ ತೊಲಗಿತು ಅಂದುಕೊಂಡೆ. ಎದ್ದು ಹೋಗಿ ಎರಡು ಲೋಟ ಟೀ ಮಾಡಿಕೊಂಡು, ಎರಡನ್ನೂ ನಾನೇ ಕುಡಿದೆ.

ಮರುದಿನ ಡಾಕ್ಟರ್ ಬಳಿ ಹೋಗಿ, "ಯಂತ್ರದಲ್ಲೂ ತಪ್ಪಿಲ್ಲ, ಇವರಲ್ಲೂ ತಪ್ಪಿಲ್ಲ ಅಂತ ನನ್ನ ಹೆಂಡತಿಗೆ ಒಂದು ಮಾತು ಹೇಳಿಬಿಡಿ" ಎಂದು ಕೇಳಿಕೊಂಡೆ. ಆಕೆ ನಕ್ಕಳು. "ನಿಮ್ಮ ಸಂಸಾರಕ್ಕೆಲ್ಲ ನಾನು ಗ್ಯಾರಂಟಿ ಕೊಡಲ್ಲ ಟೈಲರೇ. ಇಲ್ಲಿ ಆರದೇ ಇದ್ರೆ ಏನಾಯ್ತು, ಆರಿದ್ದು ನಿಮ್ಮ ಮನೇಲಿ ತಾನೇ? ನಾನೇ ಬಂದು ನೋಡ್ತೀನಿ" ಅಂದಳು. ಬಂದಳು. ನಿನ್ನ ಕುರ್ಚಿಯಲ್ಲಿ ಕೂತು ಆಟ ಹಚ್ಚಿದಳು. "ನನ್ನ ತಲೆ ಮೇಲೆ ನಿಂತ್ಕೋಬೇಡಿ, ದಿನಾ ಏನು ಮಾಡ್ತಿದ್ರೋ ಅದನ್ನ ಮಾಡಿ ಹೋಗಿ" ಎಂದು ನನ್ನನ್ನು ಅಟ್ಟಿದಳು.

ಹೋಟೆಲಿನವರು ತಮ್ಮ ಕೆಲಸಗಾರರಿಗೆಂದು ನನ್ನಲ್ಲಿ ಹೊಲಿಸುವ ಕೋಟುಗಳು ರಾಶಿ ಬಿದ್ದಿದ್ದವು. ನೀನು ಹೋದಾಗಿನಿಂದ ಸಂಜೆಯೆಲ್ಲ ಬಾಣ ಬಿಡುತ್ತಾ ಕೂತು ಇಸ್ತ್ರಿ ಮುಟ್ಟಿರಲಿಲ್ಲ. ಸ್ಟೀಮ್ ಇಸ್ತ್ರಿಗೆ ನೀರು ತುಂಬಿ, ಸ್ವಿಚ್ಚು ಹಾಕಿ, ಒಂದು ಕಾಲರಿನ ಮೇಲೆ ಒತ್ತಿ ಹಿಡಿದೆ. ಇಸ್ತ್ರಿಪೆಟ್ಟಿಗೆಯೊಳಗೆ ಟಕ್ ಅಂದಿತು. ಒಳಗಿನಿಂದ ಡಾಕ್ಟರ್ ಕೂಗಿದಳು: "ಹೋಯ್ತು!"

ಆಕೆ ಹೊರಗೆ ಬಂದು, ಈಗ ಏನು ಮಾಡಿದಿರಿ ಎಂದು ಕೇಳಿದಳು. ಏನೂ ಇಲ್ಲ, ಇಸ್ತ್ರಿ ಎಂದೆ. ಇನ್ನೊಮ್ಮೆ ಮಾಡಿ ಅಂದಳು. ಮಾಡಿದೆ. ಟಕ್ ಅಂದಿತು, ಆರಿತು. ಮತ್ತೆ ಮಾಡಿಸಿದಳು, ಮತ್ತೆ ಆರಿತು. ನಿನ್ನ ವಯರು, ನನ್ನ ಇಸ್ತ್ರಿ, ಎರಡೂ ಒಂದೇ ಬೋರ್ಡಿನಿಂದ ಕರೆಂಟು ಕುಡಿಯುತ್ತಿದ್ದವು. ಇಸ್ತ್ರಿ ನೀರು ಕಾಯಿಸಲು ಗಬಕ್ಕನೆ ಎಳೆದುಕೊಂಡಾಗ, ಆಟದಲ್ಲಿ ಮುಳುಗಿದ ಕಂಪ್ಯೂಟರಿಗೆ ಕಣ್ಣು ಮಿಟುಕಿಸುವಷ್ಟು ಹೊತ್ತು ಕರೆಂಟು ಸಾಲುತ್ತಿರಲಿಲ್ಲ. ದೀಪಗಳು ಅದನ್ನು ಲೆಕ್ಕಕ್ಕಿಡುವುದಿಲ್ಲ, ಕಂಪ್ಯೂಟರ್ ಸಹಿಸುವುದಿಲ್ಲ. "ಕಾಯಿಲೆ ಅದಕ್ಕಲ್ಲ, ನಿಮಗೆ" ಎಂದು ಹೇಳಿ, ತಾನು ಸುಮ್ಮನೆ ಬದಲಾಯಿಸಿದ ಡಬ್ಬದ ಮಾತು ನಾನು ಎತ್ತುವ ಮೊದಲೇ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು.

ಈಗ ಬರೆಯಲು ಕಷ್ಟವಾಗುವ ಭಾಗ. ನಾವು ಮದುವೆಯಾದಾಗಿನಿಂದ ನಾನು ಇಸ್ತ್ರಿ ಮಾಡುತ್ತಿದ್ದದ್ದು ಬೆಳಿಗ್ಗೆ. ಅದನ್ನು ಸಂಜೆಗೆ ಬದಲಾಯಿಸಿದ್ದು ಈಚೆಗೆ. ಹೋಟೆಲಿನವರು ಬೆಳಿಗ್ಗೆಯೇ ಕೇಳುತ್ತಾರೆ ಎಂದು ನಿನಗೆ ಹೇಳಿದ್ದೆ. ಅವರು ಯಾವತ್ತೂ ಕೇಳಿಲ್ಲ. ಹೊಲಿಗೆ ಯಂತ್ರ ಇರುವುದು ಕಿಟಕಿಯ ಬಳಿ, ಅಲ್ಲಿ ಬರೀ ರಸ್ತೆಯ ಸದ್ದು. ಇಸ್ತ್ರಿ ಮೇಜು ಇರುವುದು ನಿನ್ನ ಗೋಡೆಗೆ ಒತ್ತಿಕೊಂಡು. ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಇದ್ದರೆ ಮನುಷ್ಯ ಗೋಡೆಗೆ ಕಿವಿ ಕೊಟ್ಟು ನಿಂತವನ ಹಾಗೆ ಕಾಣುವುದಿಲ್ಲ. ನೀನು ನಕ್ಕಾಗಲೆಲ್ಲ ನನಗೆ ರೇಗುತ್ತಿತ್ತು, ರೇಗಿದಾಗಲೆಲ್ಲ ಸ್ಟೀಮ್ ಬಟನ್ನು ಒತ್ತಿ ಹಿಡಿಯುತ್ತಿದ್ದೆ. ನೀನು ನಕ್ಕಾಗಲೇ ಆರುತ್ತದೆ ಎಂದೆಯಲ್ಲ, ಆ ಮಾತು ಅಕ್ಷರಶಃ ನಿಜ. ಪ್ಲಗ್ಗು ಮುಟ್ಟಿಲ್ಲ ಎಂದು ನಾನು ಹಾಕಿದ ಆಣೆಯೂ ನಿಜ. ಆದರೆ ಆರಿಸುತ್ತಿದ್ದವನು ನಾನೇ.

ಇದನ್ನು ನಿನಗೆ ಹೇಳದೆ ಇರಬಹುದಿತ್ತು. ಪವರ್ ಸಪ್ಲೈ ಕೆಟ್ಟಿತ್ತು, ಬದಲಾಯಿಸಿದೆ ಎಂದು ಬರೆದು, ಇಸ್ತ್ರಿಯನ್ನು ತೆಪ್ಪಗೆ ಬೆಳಿಗ್ಗೆಗೆ ಹಾಕಿಕೊಂಡಿದ್ದರೆ ನಿನಗೆ ಜನ್ಮದಲ್ಲಿ ಗೊತ್ತಾಗುತ್ತಿರಲಿಲ್ಲ. ನಿನ್ನೆ ಬೆಳಿಗ್ಗೆಯೆಲ್ಲ ಆ ಸುಳ್ಳನ್ನು ಅಳತೆ ತೆಗೆದು, ಕತ್ತರಿಸಿ, ಗುಂಡಿ ಹಾಕಿ ಸಿದ್ಧಮಾಡಿ ಇಟ್ಟುಕೊಂಡಿದ್ದೆ. ಆದರೆ ಶನಿವಾರದ ಜಾಗ ನಿನ್ನ ಕೈತಪ್ಪುತ್ತಿತ್ತು. ನಡುವೆ ಮಾಯವಾದದ್ದು ನೀನಲ್ಲ, ಈಚೆಗೆ ತಮ್ಮವರಿಗೇ ಹೊಡೆದದ್ದೂ ನೀನಲ್ಲ ಎಂದು ಅವನಿಗೆ ಯಾರಾದರೂ ಹೇಳಬೇಕಲ್ಲ. ಹೇಳಬಲ್ಲವನು ನಾನೊಬ್ಬನೇ.

ನಿನ್ನೆ ಸಂಜೆ ಮೈಕು ಆನ್ ಮಾಡಿದೆ. "ಹದ್ದು ಅಲ್ಲ, ನಾನು ಅವಳ ಗಂಡ" ಎಂದೆ. ಇಸ್ತ್ರಿಯ ವಿಷಯ ಹೇಳಿದೆ, ನಾನೇ ಬಾಣ ಬಿಟ್ಟದ್ದನ್ನೂ ಹೇಳಿದೆ. ಆ ಕ್ಯಾಪ್ಟನ್ನಿಗೆ, ಯಾರಿಗೆ ಇಷ್ಟು ದಿನ ಮನಸ್ಸಿನಲ್ಲೇ ಕತ್ತರಿ ಮಸೆದಿದ್ದೆನೋ ಅವನಿಗೆ, ನೀವು ಎಂದು ಬಹುವಚನ ಹಚ್ಚಿ, ದಯವಿಟ್ಟು ಅವಳ ಜಾಗ ಉಳಿಸಿಕೊಡಿ ಎಂದು ಬೇಡಿಕೊಂಡೆ. ಅವನು ಒಪ್ಪಿದ. ಮರ್ಯಾದಸ್ಥನ ಹಾಗೆಯೇ ಮಾತಾಡಿದ, ಅದೇ ಇನ್ನಷ್ಟು ಉರಿಸಿತು. ಕೆಟ್ಟವನಾಗಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು. ಇನ್ನೂ ಒಂದು ಮಾತು ಅಂದ, ಅದು ಇಲ್ಲಿ ಬೇಡ ಬಿಡು.

ಇವತ್ತು ಬೆಳಿಗ್ಗೆ ಎಲೆಕ್ಟ್ರಿಷಿಯನ್ ಬಂದು ಮೀಟರ್ ಬೋರ್ಡಿನಿಂದ ನಿನ್ನ ಕೋಣೆಗೆ ಬೇರೆ ಲೈನು ಎಳೆದುಕೊಟ್ಟ. ನಾನು ಇಸ್ತ್ರಿಯ ಬಟನ್ನು ಒತ್ತಿಯೇ ಹಿಡಿದೆ, ಕೋಣೆಯೆಲ್ಲ ಹಬೆ ತುಂಬಿತು, ಒಳಗೆ ಆಟ ನಡೆಯುತ್ತಲೇ ಇತ್ತು. ಇನ್ನು ನೀನು ಎಷ್ಟು ಜೋರಾಗಿ ನಕ್ಕರೂ ಅದು ಆರುವುದಿಲ್ಲ. ಹೊಟ್ಟೆಕಿಚ್ಚು ಹೋಯಿತಾ ಎಂದು ಕೇಳಬೇಡ. ಅದಕ್ಕೆ ಯಾವ ಎಲೆಕ್ಟ್ರಿಷಿಯನ್ನೂ ಇಲ್ಲ. ಅದು ಇರುತ್ತದೆ, ನಾನು ಅದನ್ನು ಇಟ್ಟುಕೊಂಡು ಕೋಟು ಹೊಲಿಯುತ್ತೇನೆ. ನೀನು ಮಾತ್ರ ಶನಿವಾರದ ಹೊತ್ತಿಗಾದರೂ ಮನೆಗೆ ಬಾ. ಆಟಕ್ಕಾಗಿಯೇ ಬಂದರೂ ಸರಿ.

ನಿನ್ನ ಅಕ್ಕನಿಗೆ ನಮಸ್ಕಾರ ತಿಳಿಸು. ಸ್ನಾನ ಮಾಡಿ ಮಾಡಿ ನೆಗಡಿ ಹಿಡಿಸಿಕೊಳ್ಳಬೇಡ.

ಇಂತಿ,
ಎಡತೋಳು ಬಿಚ್ಚಿ ಮತ್ತೆ ಹೊಲಿಯುತ್ತಿರುವ,
ನಿನ್ನ ಟೈಲರ್

ತಾ.ಕ.: ಕವರಿಗೆ ಅಂಟು ಹಚ್ಚಿದ ಮೇಲೆ ಮತ್ತೆ ಬಿಚ್ಚಿದ್ದೇನೆ. ಬೇಡ ಬಿಡು ಎಂದೆನಲ್ಲ, ಅದನ್ನು ನುಂಗಿಕೊಂಡು ಇರಲು ನನ್ನಿಂದಾಗುತ್ತಿಲ್ಲ. ಕ್ಯಾಪ್ಟನ್ ಕೇಳಿದ್ದು ಇಷ್ಟೇ: "ಅವರಿಗೆ ಮದುವೆ ಆಗಿದ್ಯಾ? ಒಂದು ದಿನಾನೂ ಹೇಳಿಲ್ವಲ್ಲ." ಅಲ್ಲಿಯವರೆಗೆ 'ಅವಳು' ಅನ್ನುತ್ತಿದ್ದವನು ಆಗಲೇ 'ಅವರು' ಅಂದದ್ದು. ನೀವಿಬ್ಬರೂ ನನ್ನನ್ನು ಆಡಿಕೊಂಡು ನಗುತ್ತೀರಿ ಎಂದು ನಾನು ಇಷ್ಟು ದಿನ ಉರಿದೆ. ನಿನ್ನೆಯಿಂದ, ನಕ್ಕಿದ್ದರೇ ಚೆನ್ನಾಗಿತ್ತು ಅನ್ನಿಸುತ್ತಿದೆ. ಶನಿವಾರ ಆಟ ಶುರುವಾಗುವ ಮೊದಲು ಅವರ ಹತ್ತಿರ ನನ್ನ ವಿಷಯ ಏನಾದರೂ ಹೇಳು. ಬೈದಾದರೂ ಹೇಳು.